ಕಾಫಿ ಕಣದಲ್ಲಿ ಪೆಡಲ್ ಇಲ್ಲದ ಸೈಕಲ್

ನಾವಿರುವ ಜರ್ಮನಿಯ ಮ್ಯಾನ್‌ಹೈಮ್ ಕಡೆ ಎರಡು ವರ್ಷದ ಮಕ್ಕಳೂ ಸೈಕಲ್ ಮೇಲಿರುತ್ತವೆ. ಆ ಸೈಕಲ್‌ಗೆ ಪೆಡಲ್ ಇಲ್ಲ, ಚೈನ್ ಇಲ್ಲ, ಸೈಡ್ ವೀಲ್ ಅಂತೂ ಇಲ್ಲವೇ ಇಲ್ಲ. ಲೌಫ್‌ರಾಡ್ ಅಂತಾರೆ. ಮಗು ಸೀಟಿನ ಮೇಲೆ ಕೂತು, ಕಾಲಲ್ಲಿ ನೆಲ ಒದ್ದು ಓಡಿಸುತ್ತದೆ. ಸ್ವಲ್ಪ ಇಳಿಜಾರು ಸಿಕ್ಕರೆ ಎರಡೂ ಕಾಲೆತ್ತಿ ಹೋಗಿಯೇಬಿಡುತ್ತದೆ.

ಇದೇನೋ ಹೊಸ ಫ್ಯಾಷನ್ ಅಂದುಕೊಳ್ಳಬೇಡಿ. ಸೈಕಲ್ ಹುಟ್ಟಿದ್ದೇ ಹೀಗೆ. 1817ರ ಜೂನ್ 12ರಂದು ಕಾರ್ಲ್ ಡ್ರೈಸ್ ಎಂಬವರು ಇದೇ ಮ್ಯಾನ್‌ಹೈಮ್‌ನಿಂದ ಮರದ ಎರಡು ಚಕ್ರದ ಗಾಡಿ ಏರಿ, ನೆಲ ಒದೆಯುತ್ತಾ ಹೊರಟರು. ಹೋಗಿ ಬಂದು ಸುಮಾರು 14 ಕಿಲೋಮೀಟರ್ ದೂರ, ಒಂದು ಗಂಟೆಯೊಳಗೆ ವಾಪಸ್. ಪೆಡಲ್ ಬಂದದ್ದು ಎಷ್ಟೋ ವರ್ಷ ಆದ ಮೇಲೆ.

ಏಪ್ರಿಲ್‌ನಲ್ಲಿ ಈಸ್ಟರ್ ರಜೆಗೆ ಸೋಮವಾರಪೇಟೆಗೆ ಬಂದಾಗ ಅಣ್ಣನ ಮಗ ಸೈಡ್ ವೀಲ್ ಸೈಕಲ್‌ನಲ್ಲಿ ಗಡಗಡ ಅಂತ ಓಡಾಡುತ್ತಿದ್ದ. ಬಲಕ್ಕೆ ತಿರುಗಿದರೆ ಅವನ ಮೈ ಎಡಕ್ಕೆ ವಾಲುತ್ತಿತ್ತು. ಸೈಡ್ ವೀಲ್ ಮಾಡೋ ಕಿತಾಪತಿಯೇ ಇದು. ಎರಡು ಚಕ್ರದ ಸೈಕಲ್ ಎಡಕ್ಕೆ ವಾಲಿದರೆ ಹ್ಯಾಂಡಲನ್ನೂ ಎಡಕ್ಕೇ ತಿರುಗಿಸಬೇಕು. ಆಗ ಚಕ್ರಗಳು ಮೈಭಾರದ ಕೆಳಗೆ ಬಂದು ಸೈಕಲ್ ನೆಟ್ಟಗಾಗುತ್ತದೆ. ಸೈಡ್ ವೀಲ್ ಇದ್ದರೆ ಸೈಕಲ್ ವಾಲುವುದೇ ಇಲ್ಲ, ಮಗು ಇದನ್ನು ಕಲಿಯೋದು ಯಾವಾಗ? ಕಲಿಯೋದು ಪೆಡಲ್ ತುಳಿಯೋದನ್ನು ಮಾತ್ರ. ಅದು ಎರಡು ನಿಮಿಷದ ವಿದ್ಯೆ.

ಕೊಡಗಲ್ಲಿ ಸಮತಟ್ಟು ಜಾಗ ಹುಡುಕೋದು ಇನ್ನೊಂದು ತಲೆನೋವು. ಗೇಟು ದಾಟಿದರೆ ಏರು, ಇಲ್ಲಾ ಇಳಿಜಾರು. ರಸ್ತೆಗೆ ಬಿಟ್ಟರೆ ತಿರುವಿನಲ್ಲಿ ಟೂರಿಸ್ಟ್ ಕಾರು. ಬೇಸಿಗೆಯಲ್ಲಿ ಮೈದಾನಗಳೆಲ್ಲ ಕ್ರಿಕೆಟ್, ಹಾಕಿ ಆಡೋರದ್ದು. ಉಳಿದದ್ದು ನಮ್ಮ ಕಾಫಿ ಒಣಗಿಸೋ ಕಣ. ಅರೇಬಿಕಾ ಮುಗಿದು ರೋಬಸ್ಟಾ ಒಣಗಿ ಮೂಟೆ ಕಟ್ಟುವವರೆಗೆ ಅಲ್ಲಿ ಕಾಲಿಟ್ಟರೆ ಅಪ್ಪ ಬೈತಾರೆ. ಜೂನ್‌ನಲ್ಲಿ ಮಳೆ ಹಿಡಿದರೆ ಪಾಚಿ, ಜಾರಿಕೆ. ಮಧ್ಯದ ಏಪ್ರಿಲ್, ಮೇ ಮಾತ್ರ ಮಕ್ಕಳ ಪಾಲಿಗೆ.

ಸೈಡ್ ವೀಲ್ ಬಿಚ್ಚಿದೆವು. ಪೆಡಲನ್ನೂ ಬಿಚ್ಚಲು ಹೇಳಿದೆ. ಅಣ್ಣ ಎಡಗಡೆಯದ್ದಕ್ಕೆ ಸ್ಪ್ಯಾನರ್ ಹಾಕಿ ಬೆವರುತ್ತಾ, "ತುಕ್ಕು ಹಿಡಿದಿದೆ ಕಣೇ, ಎಣ್ಣೆ ಬಿಡಬೇಕು" ಅಂದ. ತುಕ್ಕೂ ಇಲ್ಲ, ಏನೂ ಇಲ್ಲ. ಎಡ ಪೆಡಲ್‌ನ ಥ್ರೆಡ್ ಉಲ್ಟಾ ಇರುತ್ತದೆ. ತುಳಿಯುತ್ತಾ ತಾನಾಗಿ ಸಡಿಲ ಆಗಬಾರದು ಅಂತ ಹಾಗೆ ಮಾಡಿರುತ್ತಾರೆ. ಗಡಿಯಾರದ ಮುಳ್ಳು ತಿರುಗುವ ಕಡೆಗೆ ತಿರುಗಿಸಿದ ಮೇಲೆ ಬಂತು. ಎರಡೂ ಅಂಗಾಲು ಪೂರ್ತಿ ನೆಲಕ್ಕೆ ಊರುವಷ್ಟು ಸೀಟು ಇಳಿಸಿದೆವು. ಅಮ್ಮ ಜಗುಲಿಯಿಂದಲೇ ಕೇಳಿದರು: "ಇದ್ದ ಸೈಕಲ್ ಬಿಚ್ಚಿ ಹಾಕೋಕೆ ಜರ್ಮನಿಯಿಂದ ಬರಬೇಕಿತ್ತಾ?"

ಹುಡುಗ ಮೊದಲು ಸುಮ್ನೆ ನಡೆದ. ಆಮೇಲೆ ಹೆಜ್ಜೆ ದೊಡ್ಡದಾಯಿತು. ಆಮೇಲೆ ಒಂದೊಂದು ಸಲ ಕಾಲು ಗಾಳಿಯಲ್ಲೇ ಉಳಿಯತೊಡಗಿತು. ಮುಂದಿನ ಚಕ್ರವನ್ನೇ ನೋಡುತ್ತಿದ್ದವನಿಗೆ, "ಅಲ್ಲಿ ಬಟ್ಟೆ ಒಣಹಾಕಿರೋ ತಂತಿ ನೋಡು" ಅಂದೆ. ಕಾಲೆತ್ತಿಕೊಂಡೇ ಕಣದ ಆ ತುದಿ ಮುಟ್ಟಲು ಶುರು ಮಾಡಿದ ಮೇಲೆ ಪೆಡಲ್ ಹಾಕಿದೆವು. "ಅತ್ತೇ, ಬಿಡಬೇಡಿ" ಅಂತಿದ್ದ. ನಾನು ಹಿಡಿದಿದ್ದು ಅವನ ಕಂಕುಳ ಕೆಳಗೆ, ಅದೂ ಹಗುರವಾಗಿ. ಸೀಟೋ ಹ್ಯಾಂಡಲೋ ಗಟ್ಟಿಯಾಗಿ ಹಿಡಿದರೆ ನಾವೇ ಸೈಡ್ ವೀಲ್ ಆದ ಹಾಗೆ.

ಹಾಗೆ ನೋಡಿದರೆ ನಮ್ಮ ಕಾಲದಲ್ಲಿ ಸೈಡ್ ವೀಲ್ ಯಾರಿಗಿತ್ತು? ದೊಡ್ಡವರ ಸೈಕಲ್‌ನ ಎಡ ಪೆಡಲ್ ಮೇಲೆ ಒಂದು ಕಾಲಿಟ್ಟು, ಇನ್ನೊಂದರಲ್ಲಿ ನೆಲ ಒದೆಯುತ್ತಿದ್ದೆವು. ಅದು ಬಂದ ಮೇಲೆ ಬಾರ್ ಕೆಳಗೆ ಕಾಲು ತೂರಿಸಿ ಅರ್ಧ ಪೆಡಲ್. ಇದೂ ಲೌಫ್‌ರಾಡೇ ಅಲ್ವಾ? ಇಲ್ಲಿ ಅದಕ್ಕೆ ಯೂರೋ ಕೊಡಬೇಕು, ಅಷ್ಟೇ.

ಫಜೀತಿಯಾದದ್ದು ಸೈಕಲ್ ಚೆನ್ನಾಗಿ ಬರುವ ನನ್ನ ಮಗಳಿಗೆ. ಜರ್ಮನಿಯ ಮಕ್ಕಳ ಸೈಕಲ್‌ಗಳಲ್ಲಿ ಸಾಮಾನ್ಯವಾಗಿ ಪೆಡಲನ್ನು ಹಿಂದಕ್ಕೆ ತುಳಿದರೆ ಬ್ರೇಕ್ ಬೀಳುತ್ತದೆ. ಇವಳು ತಮ್ಮನ ಸೈಕಲ್ ಹತ್ತಿ ಕಣದಿಂದ ತೋಟದ ದಾರಿಗೆ ಇಳಿದಳು, ಹಿಂದಕ್ಕೆ ತುಳಿದಳು. ಪೆಡಲ್ ಸುಮ್ನೆ ಗಿರಗಿರ ತಿರುಗಿತು. ಕಾಫಿ ಗಿಡ ಇಲ್ಲದಿದ್ದರೆ ಕೆರೆಗೇ ಹೋಗುತ್ತಿದ್ದಳೇನೋ. ಮೊಣಕೈ ತರಚಿತು, ಅಷ್ಟಕ್ಕೇ ಮುಗಿಯಿತು. ಕೊಡಗಲ್ಲಿ ಕಲಿಸೋರು ಮೊದಲು ಕೈ ಬ್ರೇಕ್ ಕಲಿಸಿ. ಮಗುವಿನ ಬೆರಳಿಗೆ ಲಿವರ್ ಎಟುಕುತ್ತಾ ನೋಡಿ. ಎಷ್ಟೋ ಸೈಕಲ್‌ಗಳಲ್ಲಿ ಅದನ್ನು ಹತ್ತಿರ ತರೋಕೆ ಒಂದು ಪುಟ್ಟ ಸ್ಕ್ರೂ ಇರುತ್ತದೆ.

ಬ್ಯಾಲೆನ್ಸ್ ಬಂದ ಮೇಲೆ ಮಕ್ಕಳನ್ನು ಎಲ್ಲಿಗೆ ಬಿಡೋದು ಅನ್ನೋದರಲ್ಲಿ ಮಾತ್ರ ಜರ್ಮನಿಯವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಇಲ್ಲಿ ಎಂಟು ವರ್ಷದೊಳಗಿನ ಮಕ್ಕಳು ರಸ್ತೆಗಿಳಿಯುವಂತಿಲ್ಲ, ಫುಟ್‌ಪಾತ್ ಮೇಲೆ ಓಡಿಸಬೇಕು. 2016ರ ಕೊನೆಯಿಂದ ಜೊತೆಗೆ ಒಬ್ಬ ದೊಡ್ಡವರೂ ಫುಟ್‌ಪಾತ್ ಮೇಲೇ ಸೈಕಲ್ ಓಡಿಸಬಹುದು. ನಾಲ್ಕನೇ ಕ್ಲಾಸಿನಲ್ಲಿ ಪೊಲೀಸರೇ ಬಂದು ಸೈಕಲ್ ಪರೀಕ್ಷೆ ಮಾಡುತ್ತಾರೆ. ನಮ್ಮ ಅಣ್ಣನ ಮಗನಿಗೆ ಗೇಟಿನಾಚೆ ಫುಟ್‌ಪಾತೇ ಇಲ್ಲ.

ಮೊನ್ನೆ ಅಣ್ಣ ಫೋನ್ ಮಾಡಿದ್ದ. ಮಳೆ ಜೋರಂತೆ, ಕಣಕ್ಕೆ ಇಳಿಯೋ ಹಾಗಿಲ್ಲವಂತೆ. ಹುಡುಗ ಹಾಲ್‌ನಲ್ಲೇ ಸೋಫಾ ಸುತ್ತ ಸೈಕಲ್ ಓಡಿಸುತ್ತಿದ್ದಾನೆ, ಅಮ್ಮ ಬೈತಿರೋದು ನನಗಂತೆ.