ಸ್ಲೋವೋ ಮುಂದಿಟ್ಟ ರಾಜಿ

ಇವತ್ತು ಊಟದ ಹೊತ್ತಲ್ಲಿ ಆಫೀಸಲ್ಲಿ ಮಂಡೇಲಾ ಬಗ್ಗೆ ಜೋರು ವಾದ.
"ಓಟು ತಗೊಂಡ್ರು, ನೆಲ ಬಿಳಿಯರಿಗೇ ಬಿಟ್ಟುಕೊಟ್ರು. ಅಷ್ಟೇ ಸರ್" ಅಂದ ಹೊಸದಾಗಿ ಸೇರಿದ ಹುಡುಗ.

ಪೂರ್ತಿ ಸುಳ್ಳೇನಲ್ಲ. 1913ರ ಕಾಯ್ದೆ ದಕ್ಷಿಣ ಆಫ್ರಿಕಾದ ಕಪ್ಪು ಜನಕ್ಕೆ ಬಿಟ್ಟಿದ್ದು ನೂರಕ್ಕೆ ಸುಮಾರು 7 ಪಾಲು ನೆಲ. ಆಮೇಲೆ 13. 1994ರ ಚುನಾವಣೆಯಲ್ಲಿ ಗೆದ್ದ ಮಂಡೇಲಾ ಪಕ್ಷದವರು, 5 ವರ್ಷದಲ್ಲಿ ಕೃಷಿ ಭೂಮಿಯ 30 ಪಾಲು ಹಂಚ್ತೀವಿ ಅಂದಿದ್ದರು. ಆಗಲಿಲ್ಲ.

ಆದರೆ ನನ್ನ ತಲೆಯಲ್ಲಿ ಕೂತಿರೋದು ಮಂಡೇಲಾ ಜೊತೆಗಾರ ಜೋ ಸ್ಲೋವೋ.
1992ರಲ್ಲಿ ಬಿಳಿಯರ ಸರ್ಕಾರದ ಜೊತೆ ಮಾತುಕತೆ ಕುಂಟುತ್ತಿದ್ದಾಗ, ಕೆಲವು ವರ್ಷ ಅಧಿಕಾರ ಹಂಚಿಕೊಳ್ಳೋಣ, ಹಳೇ ಸರ್ಕಾರಿ ನೌಕರರ ಕೆಲಸಕ್ಕೆ ಕೈ ಹಾಕೋದು ಬೇಡ ಅಂತ ಬರೆದದ್ದು ಇವರೇ.
ಅಪ್ಪಟ ಕಮ್ಯುನಿಸ್ಟ್. ಆ ಸರ್ಕಾರದ ವಿರುದ್ಧ ಬಂದೂಕು ಹಿಡಿದ ಪಡೆಯ ಮುಖಂಡ.
ಹೆಂಡತಿ ರೂತ್ ಫಸ್ಟ್ 1982ರಲ್ಲಿ ಪಕ್ಕದ ಮೊಜಾಂಬಿಕ್‌ನ ಮಾಪುಟೋದಲ್ಲಿ ಅಂಚೆಯಲ್ಲಿ ಬಂದ ಬಾಂಬಿಗೆ ಸತ್ತರು. ಕಳಿಸಿದ್ದು ಆ ಸರ್ಕಾರದ ಪೊಲೀಸರೇ.
ಅಂಥ ಮನುಷ್ಯ, ಅವರ ಸಂಬಳ ನಿಲ್ಲಿಸಬೇಡಿ ಅಂತಾರೆ! ನನ್ನ ಕೈಲಾಗ್ತಿರಲಿಲ್ಲ ಬಿಡಿ.

ಗಮನಿಸಿ, ಅಧಿಕಾರ ಹಂಚಿಕೊಳ್ಳೋ ಆ ರಾಜಿಗೆ ಒಂದು ವಾಯಿದೆ ಇತ್ತು. 5 ವರ್ಷ, ಆಮೇಲೆ ಮುಗೀತು.
ಇದ್ದವರ ಆಸ್ತಿ ಸುಮ್ಮನೆ ಕಿತ್ತುಕೊಳ್ಳೋದಿಲ್ಲ ಅನ್ನೋ ಇನ್ನೊಂದು ರಾಜಿಗೆ ಮಾತ್ರ ವಾಯಿದೆ ಇರಲಿಲ್ಲ. 1996ರ ಸಂವಿಧಾನಕ್ಕೂ ಅದು ಬಂತು. ಭೂ ಸುಧಾರಣೆಗೆ ದಾರಿ ಇದೆ, ಆದರೆ ಪರಿಹಾರ ಕೊಟ್ಟು.

ಅದಕ್ಕೂ ಒಂದು ಗಡುವು ಕೇಳಬಹುದಿತ್ತಾ? ಸೈನ್ಯ, ಪೊಲೀಸು, ಖಜಾನೆ ಎಲ್ಲಾ ಎದುರಿನವರ ಕೈಯಲ್ಲಿತ್ತು, ನಿಜ.
ಆದರೂ ಕೇಳಬಹುದಿತ್ತು ಅಂತಲೇ ನನಗನ್ನಿಸೋದು. ನಿಮಗೆ?