ಜೀರಿಗೆ-ಬೆಲ್ಲ ತಪ್ಪಿದ ಮೇಲೆ

ಅಂತರಪಟ ಸರಿದ ಮೇಲೆ ಜೀರಿಗೆ-ಬೆಲ್ಲ ತಲೆ ಮೇಲೆ ಬೀಳಲು ಎಷ್ಟು ಹೊತ್ತು ಬೇಕು? ಮದುವೆ ಫೋಟೊ ತೆಗೆಯುವವರನ್ನು ಕೇಳಿ. ಎರಡು ಸೆಕೆಂಡ್. ಹುಡುಗಿಗೆ ಅವಳ ಅಕ್ಕಂದಿರು ಮೊದಲೇ ಹೇಳಿಕೊಟ್ಟಿದ್ದರೆ ಅಷ್ಟೂ ಇಲ್ಲ.

2022ರ ಮೇ ತಿಂಗಳು. ತಿಪಟೂರಿನ ಹತ್ತಿರದ ಒಂದು ಹಳ್ಳಿ, ಸಮುದಾಯ ಭವನದಲ್ಲಿ ಮದುವೆ. ನನ್ನ ಹತ್ತಿರ ಆಗ ಇದ್ದದ್ದು ಒಂದೇ ಕ್ಯಾಮೆರಾ, ನಿಕಾನ್ ಡಿ750. ಅದಕ್ಕೆ 24-70 ಲೆನ್ಸ್, ಅಂದರೆ ಅಗಲ ಚಿತ್ರಕ್ಕೂ ಹತ್ತಿರದ್ದಕ್ಕೂ ಆಗುವ ಜೂಮ್ ಲೆನ್ಸ್, ಹಾಕಿಕೊಂಡು ಬೆಳಗ್ಗೆಯಿಂದ ಓಡಾಡುತ್ತಿದ್ದೆ. ಪುರೋಹಿತರು ಮಂಗಳಾಷ್ಟಕ ಶುರು ಮಾಡಿದರು. ಮಂಗಳಾಷ್ಟಕ ಅಂದರೆ ಇನ್ನೂ ಐದು ನಿಮಿಷ ಸಿಗುತ್ತದೆ ಅಂತ ನನ್ನ ಲೆಕ್ಕ. ಅಂತರಪಟದ ಆ ಕಡೆ ಹುಡುಗಿ ಕಣ್ಣು ಮುಚ್ಚಿ ನಿಂತಿದ್ದಳು. ಬಾಸಿಂಗದ ಕೆಳಗೆ ಆ ಮುಖ ಎಷ್ಟು ಚೆನ್ನಾಗಿತ್ತು ಅಂದರೆ, ಅದೊಂದನ್ನೇ ತೆಗೆಯೋಣ ಅನ್ನಿಸಿ 24-70 ಬಿಚ್ಚಿ 85 ಎಂ.ಎಂ. ಲೆನ್ಸ್ ಹಾಕಿದೆ.

ನನ್ನ 85 ಹಳೇ ಕಾಲದ್ದು, ಎಫ್ 1.8 ಡಿ. ಅದರ ಮೈಮೇಲೆ ಅಪರ್ಚರ್, ಅಂದರೆ ಬೆಳಕು ಒಳಗೆ ಬಿಡುವ ಕಿಂಡಿ, ತಿರುಗಿಸುವ ಬಳೆ ಇದೆ. ಆ ಬಳೆಯನ್ನು 16ಕ್ಕೆ ತಂದು ಲಾಕ್ ಹಾಕಿದರೆ ಮಾತ್ರ ಕ್ಯಾಮೆರಾ ಒಪ್ಪುತ್ತದೆ. ನಾನು ಲಾಕ್ ಹಾಕಿರಲಿಲ್ಲ, ಬ್ಯಾಗಿನೊಳಗೆ ಬಳೆ ಜಾರಿತ್ತು. ಬಟನ್ ಒತ್ತಿದರೆ ಕ್ಲಿಕ್ ಇಲ್ಲ. ಮೇಲಿನ ಪುಟ್ಟ ಪರದೆಯಲ್ಲಿ 'ಎಫ್ ಇ ಇ' ಅಂತ ಎಚ್ಚರಿಕೆ ಮಿಣಮಿಣ ಮಿನುಗುತ್ತಿದೆ. ಕೈ ನಡುಗಿತು. ಅಷ್ಟರಲ್ಲಿ ಗಟ್ಟಿಮೇಳ! ತಲೆ ಎತ್ತಿ ನೋಡಿದರೆ ಅಂತರಪಟ ಕೆಳಗಿಳಿದಿದೆ, ಜೀರಿಗೆ-ಬೆಲ್ಲ ಇಬ್ಬರ ತಲೆ ಮೇಲೂ ಬಿದ್ದಿದೆ, ಸುತ್ತ ಇದ್ದವರೆಲ್ಲ ಅಕ್ಷತೆ ಎಸೆದು ಮುಗಿಸುತ್ತಿದ್ದಾರೆ.

ವಿಡಿಯೊ ಹುಡುಗ ಪಕ್ಕದಲ್ಲೇ ಇದ್ದ. ಅವನ ವಿಡಿಯೊದಿಂದ ಒಂದು ಚಿತ್ರ ಕಿತ್ತು ಆಲ್ಬಂಗೆ ಹಾಕಿದೆ. ಫುಲ್ ಎಚ್‌ಡಿ ವಿಡಿಯೊದ ಒಂದು ಚಿತ್ರ ಅಂದರೆ 2 ಮೆಗಾಪಿಕ್ಸೆಲ್, ನನ್ನ ಕ್ಯಾಮೆರಾದ್ದು 24. ಅದನ್ನು ಅಂಗೈಯಗಲ ಹಾಕಿದರೆ ನಡೆಯುತ್ತದೆ, ಪುಟದಗಲ ಹಾಕಿದರೆ ಬಣ್ಣ ಬಿಟ್ಟ ಸೀರೆ ಥರ ಕಾಣುತ್ತದೆ. ಆಲ್ಬಂ ಕೊಟ್ಟ ದಿನ ಹುಡುಗಿಯ ಅಜ್ಜಿ ಪುಟ ತಿರುಗಿಸುತ್ತಾ ಅಲ್ಲಿ ನಿಂತರು. "ಇದ್ಯಾಕಪ್ಪ ಇಷ್ಟ್ ಚಿಕ್ಕದ್ ಹಾಕಿದ್ದೀಯ?" ಅಂದರು. ನಾನು ಏನೋ ಡಿಸೈನ್ ಅಂತ ಸುಳ್ಳು ಹೇಳಿದೆ. ಅಜ್ಜಿ ನಂಬಲಿಲ್ಲ. ಬಾಕಿ ದುಡ್ಡು ಮಾತ್ರ ಪೂರ್ತಿ ಕೊಟ್ಟರು, ಅದೇ ಇನ್ನೂ ಕಷ್ಟ ಆಯಿತು.

ಆಷಾಢ ಬಂತು. ನಮಗೆ ಆಷಾಢ ಅಂದರೆ ಮದುವೆ ಇಲ್ಲ, ಬಾಕಿ ವಸೂಲಿ, ಲೆನ್ಸ್ ಒರೆಸುವುದು. ಹಿಂದಿನ ಎರಡು ವರ್ಷ ಕೊರೊನಾದಲ್ಲಿ ಕಳೆದಿದ್ದವು, ಸಾಲ ಇನ್ನೂ ತೀರಿರಲಿಲ್ಲ. ಆದರೂ ಇನ್ನೊಂದು ಕ್ಯಾಮೆರಾ ಇದ್ದರೆ ನಡುವೆ ಲೆನ್ಸ್ ಬಿಚ್ಚುವ ಗೋಜಿಲ್ಲ ಅಂತ ಹೆಂಡತಿ ಚೀಟಿ ಎತ್ತಿದ ದುಡ್ಡಿನಲ್ಲಿ 50,000 ತೆಗೆದು ಕೊಟ್ಟಳು. ಅದರ ಮೇಲೆ ಒಂದು ರೂಪಾಯಿ ಇಲ್ಲ ಅಂತಲೂ ಹೇಳಿದಳು.

ಎರಡನೇ ಕ್ಯಾಮೆರಾ ತಗೋಬೇಕು ಅಂತ ಬಾಯಿ ಬಿಟ್ಟಿದ್ದೇ ತಡ, ಸಲಹೆಗಳು ಶುರುವಾದವು. ಅರಸೀಕೆರೆಯ ಗೆಳೆಯ "ಇನ್ನೂ ಕನ್ನಡಿ ಇರೋ ಕ್ಯಾಮೆರಾ ತಗೋತೀಯಾ? ಮಿರರ್‌ಲೆಸ್‌ಗೆ ಬಾ ಮಾರಾಯ" ಅಂದ. ಅವನ ಮಾತು ತಪ್ಪಲ್ಲ. ನಿಕಾನ್ ಝಡ್5 ನಾನೂ ಕೈಯಲ್ಲಿ ಹಿಡಿದು ನೋಡಿದ್ದೆ. ಫುಲ್ ಫ್ರೇಮ್, ಅಂದರೆ ಚಿತ್ರ ಹಿಡಿಯುವ ಸೆನ್ಸರ್ ದೊಡ್ಡದು, ಎರಡು ಕಾರ್ಡ್ ಜಾಗ, ಹಗುರ. ಆದರೆ ಹೊಸದು ನನ್ನ ದುಡ್ಡಿಗೆ ಎಟುಕುತ್ತಿರಲಿಲ್ಲ. ಸಾಲದ್ದಕ್ಕೆ ನಮ್ಮ ಹಳೇ ಲೆನ್ಸ್ ಹಾಕಲು ಅಡಾಪ್ಟರ್ ಬೇರೆ ಬೇಕು. ಅಡಾಪ್ಟರ್ ಹಾಕಿದರೂ ನನ್ನ 85ಕ್ಕೆ ಆಟೋ ಫೋಕಸ್ ಬರುವುದಿಲ್ಲ. ಆ ಥರದ ಲೆನ್ಸ್‌ಗೆ ಒಳಗೆ ಮೋಟಾರ್ ಇಲ್ಲ, ಕ್ಯಾಮೆರಾದೊಳಗಿನ ಮೋಟಾರೇ ಅದನ್ನು ತಿರುಗಿಸಬೇಕು. ಅಡಾಪ್ಟರ್‌ನಲ್ಲಿ ಆ ಮೋಟಾರ್ ಇಲ್ಲ.

ನಮ್ಮ ಮಾವನ ಸಲಹೆ ಇನ್ನೊಂದು. "ಹಳೇದ್ ಯಾಕೆ? 50,000ಕ್ಕೆ ಹೊಸದೇ ಬರುತ್ತಲ್ಲ, ವಾರಂಟಿ ಇರುತ್ತೆ." ಆಗ ಬರುತ್ತಿತ್ತು, ಡಿ5600. ಸುಮ್ನೆ ಮನೆ ಮಟ್ಟಿಗಾದರೆ ಬಹಳ ಒಳ್ಳೇ ಕ್ಯಾಮೆರಾ. ಆದರೆ ಅದರಲ್ಲೂ ಆ ಮೋಟಾರ್ ಇಲ್ಲ. ಕಾರ್ಡ್ ಹಾಕಲು ಒಂದೇ ಜಾಗ. ಬ್ಯಾಟರಿ, ಚಾರ್ಜರ್ ಎರಡೂ ನನ್ನದಕ್ಕಿಂತ ಬೇರೆ. ಮಾವನಿಗೆ ಇದನ್ನೆಲ್ಲ ವಿವರಿಸುವಷ್ಟರಲ್ಲಿ ಕಾಫಿ ಆರಿಹೋಯಿತು.

ಒಂದು ಸೋಮವಾರ ಬೆಳಗಿನ ರೈಲು ಹತ್ತಿದೆ. ಮೆಜೆಸ್ಟಿಕ್‌ನಲ್ಲಿ ಇಳಿದು ಮೆಟ್ರೊದಲ್ಲಿ ಒಂದೇ ಸ್ಟಾಪ್, ಚಿಕ್ಕಪೇಟೆ. ಹಳೇ ಕ್ಯಾಮೆರಾ ಮಾರುವ ಅಂಗಡಿ ಒಂದು ಗಲ್ಲಿಯೊಳಗೆ, ಸೀರೆ ಅಂಗಡಿಯ ಪಕ್ಕದ ಮೆಟ್ಟಿಲು ಹತ್ತಿ ಮೇಲೆ ಹೋಗಬೇಕು. ಅಂಗಡಿಯವರು ಹಿರಿಯರು. ಗಾಜಿನ ಬೀರುವಿನಲ್ಲಿ ಕ್ಯಾಮೆರಾಗಳು ಸಾಲಾಗಿ ಕೂತಿದ್ದವು. "ಎಲ್ರೂ ಮಿರರ್‌ಲೆಸ್ಸಿಗೆ ಹೋಗ್ತಿದಾರೆ ಸಾರ್, ಇವೆಲ್ಲ ಬಂದು ಬೀಳ್ತಿವೆ" ಅಂದರು. ನನಗೆ ಒಳಗೊಳಗೇ ಖುಷಿ.

ನಾನು ಮನೆಯಿಂದ ಹೊರಟಾಗ ಇನ್ನೊಂದು ಡಿ750 ತರಬೇಕು ಅಂತಲೇ ಹೊರಟಿದ್ದೆ. ಜೋಡಿ ಎತ್ತಿನ ಥರ ಎರಡೂ ಒಂದೇ ಇರಲಿ ಅಂತ. ಅಲ್ಲಿ ಒಂದು ಇತ್ತು ಕೂಡ. ಬೆಲೆ 52,000. ಒಂದು ಫೋಟೊ ತೆಗೆದು ಲ್ಯಾಪ್‌ಟಾಪ್‌ಗೆ ಹಾಕಿ ಕ್ಲಿಕ್ ಎಷ್ಟಾಗಿದೆ ನೋಡಿದೆವು. 1,20,000 ದಾಟಿತ್ತು. ಈ ಕ್ಯಾಮೆರಾದ ಶಟರ್‌ಗೆ ಕಂಪನಿ ಹೇಳುವ ಆಯಸ್ಸು 1,50,000. ಅದಾದ ಮೇಲೂ ಓಡುತ್ತವೆ, ನನ್ನದೇ ಓಡುತ್ತಿದೆ. ಆದರೂ ಎರಡೂ ಮುದಿ ಎತ್ತುಗಳನ್ನು ಕಟ್ಟಿಕೊಂಡು ಉಳುವುದು ಹೇಗೆ?

ಅಂಗಡಿಯವರು ಡಿ7200 ತೆಗೆದಿಟ್ಟರು, 29,000. ಇದು ನಿಜವಾಗಲೂ ಆಸೆ ಹುಟ್ಟಿಸಿತು. ಫೋಕಸ್ ಚುರುಕು, ಎರಡು ಕಾರ್ಡ್, ನನ್ನದೇ ಬ್ಯಾಟರಿ, ಒಳಗೆ ಮೋಟಾರ್ ಕೂಡ ಇದೆ. ಆದರೆ ಸೆನ್ಸರ್ ಚಿಕ್ಕದು, ಚಿತ್ರ ಒಂದೂವರೆ ಪಟ್ಟು ಹತ್ತಿರ ಬಂದ ಹಾಗೆ ಕಾಣುತ್ತದೆ. 85 ಹಾಕಿದರೆ 127ರ ಲೆಕ್ಕ. ಹಾಕಿ, ಅಂಗಡಿಯವರ ಮುಖ ಫ್ರೇಮಿಗೆ ಸರಿಯಾಗಿ ಸಿಗಲಿ ಅಂತ ಹಿಂದೆ ಹಿಂದೆ ಸರಿದೆ. ಬೆನ್ನಿಗೆ ಬಾಗಿಲು ತಗುಲಿತು, ಆ ಕಡೆ ಮೆಟ್ಟಿಲು. ನಮ್ಮ ಹಳ್ಳಿ ಕಡೆಯ ಮಂಟಪಗಳಲ್ಲಿ ಹಿಂದೆ ಸರಿಯಲು ಜಾಗ ಎಲ್ಲಿದೆ? ಬೆನ್ನ ಹಿಂದೆ ಸೋದರತ್ತೆಯರ ಗುಂಪೇ ನಿಂತಿರುತ್ತದೆ. ಬೆಳಕು ಕಮ್ಮಿ ಇರುವ ಹಾಲ್‌ಗಳಲ್ಲಿ ಐಎಸ್‌ಒ, ಅಂದರೆ ಬೆಳಕು ಹಿಡಿಯುವ ಸೂಕ್ಷ್ಮತೆ, 6400ಕ್ಕೆ ಏರಿಸಿದರೆ ಫೋಟೊ ಮೇಲೆ ಫುಲ್ ಫ್ರೇಮ್‌ಗಿಂತ ಜಾಸ್ತಿ ರವೆ ಉದುರಿದ ಹಾಗೆ ಕಾಣುತ್ತದೆ. ಪಕ್ಕದ ಪುಟದಲ್ಲಿ ಡಿ750 ಫೋಟೊ ಇದ್ದರೆ ವ್ಯತ್ಯಾಸ ಗೊತ್ತಾಗುತ್ತದೆ.

ಆಗ ಅವರು ಕೇಳಿದರು, "ಸಾರ್, ಈ ಎರಡನೇದಕ್ಕೆ ಯಾವ ಲೆನ್ಸ್ ಹಾಕ್ತೀರಾ?"

ಇಷ್ಟು ದಿನ ಇದನ್ನು ನಾನೇ ಕೇಳಿಕೊಂಡಿರಲಿಲ್ಲ. 85 ಅಂದೆ. ಅದು ಬೆಳಗ್ಗೆಯಿಂದ ಸಂಜೆವರೆಗೂ ಅದರಲ್ಲೇ ಇರಬೇಕು, ಬಿಚ್ಚಲೇಬಾರದು. ಹಾಗಾದರೆ ಎರಡನೇ ಕ್ಯಾಮೆರಾ ಮಾಡುವ ಕೆಲಸ ಏನು? ದೂರದಿಂದ ಮುಖಗಳು. ಧಾರೆಯ ಹೊತ್ತಿಗೆ ಜನ ಮುತ್ತಿಕೊಂಡಾಗ ತಲೆಗಳ ಮೇಲೆ ಕ್ಯಾಮೆರಾ ಎತ್ತಿ, ಪರದೆ ಬಗ್ಗಿಸಿ ನೋಡಿಕೊಂಡು ತೆಗೆಯುವ ಕೆಲಸ ಇದಕ್ಕಿಲ್ಲ. ಅದು 24-70 ಹಾಕಿದ ಡಿ750 ಪಾಲಿನದು. ಬಗ್ಗುವ ಪರದೆ ಎರಡನೆಯದಕ್ಕೂ ಬೇಕು ಅಂತ ನಾನು ಸುಮ್ನೆ ಹಟ ಹಿಡಿದಿದ್ದೆ.

ಅವರು ಕೆಳಗಿನ ಸಾಲಿನಿಂದ ಪರದೆ ಬಗ್ಗದ ಡಿ610 ತೆಗೆದರು. 2013ರ ಮಾಡೆಲ್. ಅದಕ್ಕೂ ಒಂದು ವರ್ಷ ಮುಂಚೆ ಬಂದ ಡಿ600ರಲ್ಲಿ ಸೆನ್ಸರ್ ಮೇಲೆ ಚುಕ್ಕೆ ಬೀಳುತ್ತದೆ ಅಂತ ದೊಡ್ಡ ಗಲಾಟೆ ಆಗಿತ್ತು, ಅದಾದ ಮೇಲೆ ಶಟರ್ ಬದಲಾಯಿಸಿ ತಂದದ್ದು ಇದು. ಫುಲ್ ಫ್ರೇಮ್, 24 ಮೆಗಾಪಿಕ್ಸೆಲ್, ಎರಡು ಎಸ್‌ಡಿ ಕಾರ್ಡ್, ಅದೇ ಬ್ಯಾಟರಿ, ಅದೇ ಚಾರ್ಜರ್. ಕ್ಲಿಕ್ 36,000 ಚಿಲ್ಲರೆ. ಯಾರೋ ಡಾಕ್ಟರು ಹಕ್ಕಿ ಫೋಟೊ ತೆಗೆಯಲು ಕೊಂಡು ಬೇಸರ ಬಂದು ಕೊಟ್ಟಿದ್ದಂತೆ. ಹಳೇ ಕ್ಯಾಮೆರಾ ಅಂಗಡಿಗಳಲ್ಲಿ ಎಲ್ಲ ಕ್ಯಾಮೆರಾಗಳೂ ಡಾಕ್ಟರುಗಳದ್ದೇ, ಅದು ಬಿಡಿ.

ಕತೆ ನಂಬಲಿಲ್ಲ, ಕ್ಯಾಮೆರಾ ನೋಡಿದೆ. ಎಫ್ 16ಕ್ಕೆ ಇಟ್ಟು ಬಿಳಿ ಹಾಳೆಯನ್ನು ಫೋಕಸ್ ತಪ್ಪಿಸಿ ತೆಗೆದು, ದೊಡ್ಡದು ಮಾಡಿ ಮೂಲೆ ಮೂಲೆ ನೋಡಿದೆ. ಎರಡು ಧೂಳಿನ ಕಣ, ಊದಿದರೆ ಹೋದವು. ಮುಚ್ಚಳ ಹಾಕಿ ಅರ್ಧ ನಿಮಿಷದ ಫೋಟೊ ತೆಗೆದೆ. ಕತ್ತಲಲ್ಲೂ ಹೊಳೆಯುವ ಕೆಟ್ಟ ಚುಕ್ಕೆಗಳು ಹೇಳಿಕೊಳ್ಳುವಷ್ಟಿರಲಿಲ್ಲ. ಎರಡೂ ಜಾಗಕ್ಕೆ ಕಾರ್ಡ್ ಹಾಕಿ, ಎರಡರಲ್ಲೂ ಫೋಟೊ ಬಿದ್ದಿದೆಯಾ ನೋಡಿದೆ. ನನ್ನ ಫ್ಲ್ಯಾಶ್ ಕೂರಿಸಿ ಅಲ್ಲಾಡಿಸಿ ನೋಡಿದೆ. ಹಿಡಿಯ ರಬ್ಬರ್ ಒಂದು ಕಡೆ ಎದ್ದಿತ್ತು. ಅದನ್ನೇ ದೊಡ್ಡ ಖಾಯಿಲೆ ಮಾಡಿ ಚೌಕಾಸಿಗೆ ಕೂತೆ. 36,000 ಹೇಳಿದ್ದು 33,500ಕ್ಕೆ ಬಂತು. "ಒಂದ್ ವಾರದೊಳಗೆ ಏನಾದ್ರೂ ಆದ್ರೆ ತಗೊಂಬನ್ನಿ ಸಾರ್" ಅಂದರು. ಬಿಲ್ ಮೇಲೆ ಕ್ಯಾಮೆರಾದ ನಂಬರ್ ಬರೆಸಿಕೊಂಡೆ.

ಉಳಿದ ದುಡ್ಡಲ್ಲಿ ಒಂದು ಬ್ಯಾಟರಿ, ಎರಡು ಕಾರ್ಡ್. ಎರಡು ಹೆಗಲಿಗೂ ಹಾಕುವ ಬೆಲ್ಟ್ ಮಾತ್ರ ಅಲ್ಲಿ ಕೊಳ್ಳಲಿಲ್ಲ, ವಿಪರೀತ ಬೆಲೆ. ತಿಪಟೂರಿನ ಬಸ್ ಸ್ಟ್ಯಾಂಡ್ ಹತ್ತಿರ ಬ್ಯಾಗ್ ಹೊಲಿಯುವವರ ಕೈಯಲ್ಲಿ 600 ರೂಪಾಯಿಗೆ ಹೊಲಿಸಿದೆ. ಇವತ್ತಿಗೂ ಅದೇ ಇದೆ.

ಮನೆಯಲ್ಲಿ ಹೆಂಡತಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಳು. "ಇದ್ದಿದ್ದನ್ನೇ ಇನ್ನೊಂದು ತಂದಿದ್ದೀರಲ್ಲ?" ಅಂದಳು. ಕತ್ತಲಲ್ಲಿ ಬೆರಳಿಗೂ ಹಾಗೇ ಅನ್ನಿಸಿದರೆ ನನಗೆ ಅಷ್ಟೇ ಸಾಕಾಗಿತ್ತು.

ಶ್ರಾವಣದ ಮೊದಲ ಮದುವೆ. ಬಲ ಹೆಗಲಿಗೆ ಡಿ750, ಎಡಕ್ಕೆ ಡಿ610. ಮಂಗಳಾಷ್ಟಕ ಶುರುವಾದಾಗ 85ರಲ್ಲಿ ಹುಡುಗಿಯ ಮುಖ ತೆಗೆದು, ಅದನ್ನು ಹಾಗೇ ಇಳಿಬಿಟ್ಟು, 24-70 ಎತ್ತಿಕೊಂಡೆ. ಅಂತರಪಟ ಸರಿಯಿತು. ಒಂಬತ್ತು ಫೋಟೊ ಬಿದ್ದವು. ಒಂದರಲ್ಲಿ ಬೆಲ್ಲದ ಚೂರು ಇನ್ನೂ ಗಾಳಿಯಲ್ಲೇ ಇದೆ.

ಡಿ610ರಲ್ಲಿ ಕೊರತೆ ಇಲ್ಲ ಅಂತಲ್ಲ. ಅದರ ಫೋಕಸ್ ಚುಕ್ಕೆಗಳೆಲ್ಲ ನಡುವೆ ಗುಂಪು ಕಟ್ಟಿವೆ. ಮುಖ ಅಂಚಿನಲ್ಲಿದ್ದರೆ ನಡುವೆ ಫೋಕಸ್ ಮಾಡಿ ಕ್ಯಾಮೆರಾ ತಿರುಗಿಸಬೇಕು, ಅಪರ್ಚರ್ 1.8ರಲ್ಲಿ ಪೂರ್ತಿ ತೆರೆದಿದ್ದಾಗ ಹಾಗೆ ಮಾಡಿದರೆ ಕಣ್ಣು ಬಿಟ್ಟು ಕಿವಿ ಸ್ಪಷ್ಟವಾಗುತ್ತದೆ. ಈಗ 2.8ಕ್ಕಿಂತ ಕೆಳಗೆ ಇಳಿಯುವುದೇ ಕಮ್ಮಿ. ರಾತ್ರಿ ಆರತಕ್ಷತೆಯಲ್ಲಿ ಡಿಜೆಯವರು ದೀಪ ಆರಿಸಿ ನೇರಳೆ ಬೆಳಕು ಬಿಟ್ಟರೆ ಅದು ಫೋಕಸ್ ಸಿಗದೆ ಹುಡುಕಾಡುತ್ತಾ ಕೂರುತ್ತದೆ. ಆಗ 85 ಬಿಚ್ಚಿ ಡಿ750ಗೆ ಹಾಕುತ್ತೇನೆ. ಬಳೆ ಲಾಕ್ ಆಗಿದೆಯಾ ಅಂತ ನೋಡಿಕೊಂಡು.

ನಿಜವಾದ ಫಜೀತಿ ಆದದ್ದು ಮಾರನೇ ದಿನ, ಕಂಪ್ಯೂಟರ್ ಮುಂದೆ. ಎರಡು ಕ್ಯಾಮೆರಾದ ಫೋಟೊಗಳನ್ನೂ ಒಟ್ಟಿಗೆ ಸುರಿದು ಸಮಯದ ಪ್ರಕಾರ ಜೋಡಿಸಿದರೆ, ತಾಳಿ ಕಟ್ಟಿ ಆದ ಮೇಲೆ ಸೋದರಮಾವ ಹುಡುಗಿಯನ್ನು ಮಂಟಪಕ್ಕೆ ಕರೆತರುತ್ತಿದ್ದಾರೆ! ಡಿ610ರ ಗಡಿಯಾರ ಒಂದು ಗಂಟೆ ಹತ್ತು ನಿಮಿಷ ಹಿಂದಿತ್ತು. ನಾನು ನೋಡಿರಲಿಲ್ಲ. ಸಾಫ್ಟ್‌ವೇರ್‌ನಲ್ಲಿ ಅಷ್ಟೂ ಫೋಟೊಗಳ ಸಮಯ ಮುಂದೆ ತಳ್ಳಿ ಸರಿ ಮಾಡಿದೆ. ಇನ್ನೊಂದು ಗಂಡಾಂತರ ಸ್ವಲ್ಪದರಲ್ಲಿ ತಪ್ಪಿತ್ತು. ಎರಡೂ ಕ್ಯಾಮೆರಾ ಫೈಲಿಗೆ 'ಡಿಎಸ್‌ಸಿ' ಅಂತಲೇ ಹೆಸರಿಡುತ್ತವೆ. ನಂಬರ್ ಒಂದೇ ಬಂದು, ಅವಸರದಲ್ಲಿ ಒಂದೇ ಫೋಲ್ಡರಿಗೆ ಹಾಕಿದರೆ, ಒಂದರ ಮೇಲೆ ಇನ್ನೊಂದು ಕೂತು ಅಳಿಸಿಹೋಗಬಹುದು. ಮೆನುವಿನಲ್ಲಿ ಆ ಮೂರು ಅಕ್ಷರ ಬದಲಾಯಿಸಿಟ್ಟೆ.

ಅವತ್ತಿಂದ ಮದುವೆ ಮನೆಗೆ ಹೋದ ತಕ್ಷಣ ಮೊದಲು ಮಾಡುವ ಕೆಲಸ ಎಂದರೆ ಗೋಡೆ ಗಡಿಯಾರದ ಫೋಟೊ. ಎರಡು ಕ್ಯಾಮೆರಾದಲ್ಲೂ ಒಂದೊಂದು. ಲೈಟ್ ಹಿಡಿಯುವ ಹುಡುಗನಿಗೂ ಅಭ್ಯಾಸ ಆಗಿದೆ, "ಅಣ್ಣ, ಗಡಿಯಾರ ಆಯ್ತಾ?" ಅಂತ ಅವನೇ ಕೇಳುತ್ತಾನೆ. ಕಾರ್ತಿಕದ ಒಂದು ಮದುವೆಯಲ್ಲಿ ಆ ಎರಡನ್ನೂ ಅಳಿಸುವುದು ಮರೆತು ಪೆನ್‌ಡ್ರೈವ್‌ಗೆ ಹಾಕಿ ಕೊಟ್ಟುಬಿಟ್ಟೆ. ಎರಡು ದಿನ ಬಿಟ್ಟು ಹುಡುಗಿಯ ತಂದೆ ಫೋನ್ ಮಾಡಿದರು.

"ಫೋಟೊ ಎಲ್ಲ ಚೆನ್ನಾಗಿ ಬಂದಿದೆ ಕಣಪ್ಪ. ಅದೇನು, ಮೊದಲ್ನೇದೇ ಗಡಿಯಾರದ್ದು, ಅದೂ ಎರಡೆರಡು ಸಲ? ಮುಹೂರ್ತ ಏನಾದ್ರೂ ಮೀರಿತ್ತಾ?"