ಯೋಜನೆಯಲ್ಲಿ ಬರೆದದ್ದು ಮಗುವಿಗೆ ಸಿಕ್ಕಿತೇ? ಎಲ್ಲರೂ ಕೂತು ಲೆಕ್ಕ ನೋಡುವ ಬಗೆ

ವಿಶೇಷ ಶಿಕ್ಷಣ ಪಡೆಯುವ ಮಕ್ಕಳ ಪೋಷಕರ ಕೈಗೆ ವರ್ಷದ ಕೊನೆಯಲ್ಲಿ ಒಂದು ಫಾರ್ಮ್ ಬರುವುದುಂಟು. ‘ಸೇವೆ ತೃಪ್ತಿಕರವಾಗಿದೆಯೇ? ಒಂದರಿಂದ ಐದರವರೆಗೆ ಅಂಕ ಕೊಡಿ.’ ಮಗು ನಾಳೆಯೂ ಅದೇ ಟೀಚರ್ ಹತ್ತಿರ ಹೋಗಬೇಕು ಎಂಬ ಅಳುಕಿನಲ್ಲಿ ಅಪ್ಪ ಅಮ್ಮ ನಾಲ್ಕೋ ಐದೋ ಹಾಕಿ ಕಳಿಸುತ್ತಾರೆ. ಆ ಅಂಕದಿಂದ ಶಾಲೆಗೆ ಹೊಸದಾಗಿ ಏನೂ ತಿಳಿಯುವುದಿಲ್ಲ. ಯಾವ ಥೆರಪಿ ತಪ್ಪಿತು, ಏಕೆ ತಪ್ಪಿತು, ಮಗು ಕಲಿತದ್ದು ಮನೆಯಲ್ಲಿ ಕಾಣುತ್ತಿದೆಯೇ ಎಂಬುದಕ್ಕೆ ಅದರಲ್ಲಿ ಜಾಗವೇ ಇರುವುದಿಲ್ಲ.

ಅಮೆರಿಕದ ನೀತಿ ವಿಶ್ಲೇಷಕಿ ಶೆರಿ ಆರ್ನ್‌ಸ್ಟೈನ್ 1969ರಲ್ಲಿ ಜನರ ಪಾಲ್ಗೊಳ್ಳುವಿಕೆಯನ್ನು ಎಂಟು ಮೆಟ್ಟಿಲಿನ ಏಣಿಯಾಗಿ ವಿವರಿಸಿದರು. ಅದರಲ್ಲಿ ಅಭಿಪ್ರಾಯ ಕೇಳುವುದು ನಾಲ್ಕನೇ ಮೆಟ್ಟಿಲು, ಪಾಲುದಾರಿಕೆ ಆರನೆಯದು. ನಮ್ಮ ಹೆಚ್ಚಿನ ಸರ್ವೆಗಳು ನಾಲ್ಕರಲ್ಲೇ ನಿಂತಿವೆ. ವಿಶ್ವಸಂಸ್ಥೆ 2006ರಲ್ಲಿ ಅಂಗೀಕರಿಸಿದ ಅಂಗವಿಕಲರ ಹಕ್ಕುಗಳ ಒಡಂಬಡಿಕೆ ಇನ್ನೂ ಮೇಲಿನದನ್ನು ಕೇಳುತ್ತದೆ. ಅದರ 4ನೇ ವಿಧಿಯ ಪ್ರಕಾರ ಅಂಗವಿಕಲರಿಗೆ ಸಂಬಂಧಿಸಿದ ತೀರ್ಮಾನಗಳಲ್ಲಿ ಅಂಗವಿಕಲ ಮಕ್ಕಳೂ ಸೇರಿದಂತೆ ಅವರನ್ನೇ ಒಳಗೊಳ್ಳಬೇಕು. 33ನೇ ವಿಧಿಯ ಪ್ರಕಾರ ಮೇಲ್ವಿಚಾರಣೆಯಲ್ಲೂ ಅವರಿಗೆ, ಅವರ ಸಂಘಟನೆಗಳಿಗೆ ಪೂರ್ತಿ ಪಾಲು ಇರಬೇಕು. ಅಮೆರಿಕದ ವಿಶೇಷ ಶಿಕ್ಷಣ ಕಾನೂನಿನಲ್ಲಿ ರಾಜ್ಯ ಮಟ್ಟದ ಸಲಹಾ ಸಮಿತಿಯ ಬಹುಪಾಲು ಸದಸ್ಯರು ಅಂಗವಿಕಲರು ಅಥವಾ ಅಂಗವಿಕಲ ಮಕ್ಕಳ ಪೋಷಕರೇ ಆಗಿರಬೇಕೆಂಬ ನಿಯಮವಿದೆ. ಕಾಗದದ ಮೇಲೆ ಇಷ್ಟಿದೆ. ಶಾಲೆಯ ಮಟ್ಟದಲ್ಲಿ ಇದನ್ನು ನಡೆಸಬೇಕಾದರೆ ಒಂದೇ ದಾರಿ: ಶಾಲೆಯವರು ನೋಡುವ ಲೆಕ್ಕವನ್ನೇ ಉಳಿದವರ ಮುಂದೆಯೂ ಇಟ್ಟು, ಕಾರಣ ಹುಡುಕಲು ಅವರನ್ನೂ ಜೊತೆಗೆ ಕೂರಿಸಿಕೊಳ್ಳುವುದು.

ಮೊದಲ ಲೆಕ್ಕ ಥೆರಪಿ ರಿಜಿಸ್ಟರ್. ಒಂದು ಮಗುವಿನ ಐಇಪಿಯಲ್ಲಿ (ಆ ಮಗುವಿಗೆಂದೇ ಬರೆದ ವೈಯಕ್ತಿಕ ಶಿಕ್ಷಣ ಯೋಜನೆಯಲ್ಲಿ) ವಾರಕ್ಕೆ ಎರಡು ಸಲ, 30 ನಿಮಿಷ ಸ್ಪೀಚ್ ಥೆರಪಿ ಎಂದು ಬರೆದಿದೆ ಅಂದುಕೊಳ್ಳಿ. 12 ವಾರಕ್ಕೆ 24 ಸೆಷನ್, 720 ನಿಮಿಷ. ರಿಜಿಸ್ಟರ್ ತೆರೆದರೆ ನಡೆದದ್ದು 15 ಸೆಷನ್. ಅದರಲ್ಲೂ ಐದು ಸೆಷನ್ 20 ನಿಮಿಷಕ್ಕೇ ಮುಗಿದಿವೆ. ಒಟ್ಟು ಸಿಕ್ಕಿದ್ದು 400 ನಿಮಿಷ, ಅಂದರೆ ಶೇ 56ರಷ್ಟು. ಸೆಷನ್ ಮಾತ್ರ ಎಣಿಸಿದ್ದರೆ ಶೇ 62.5 ಎಂದು ಕಾಣುತ್ತಿತ್ತು. ಅದಕ್ಕೇ ನಿಮಿಷ ಎಣಿಸಬೇಕು. ರಿಜಿಸ್ಟರಿನಲ್ಲಿ ದಿನಾಂಕ, ಶುರುವಾದ ಸಮಯ, ಮುಗಿದ ಸಮಯ, ತಪ್ಪಿದ್ದರೆ ಕಾರಣ, ಈ ನಾಲ್ಕು ಕಾಲಂ ಇದ್ದರೆ ಸಾಕು. ‘ಇತರೆ’ ಎಂಬ ಕಾಲಂ ಬೇಡ. ಅದನ್ನು ಇಟ್ಟರೆ ಎಲ್ಲವೂ ಅಲ್ಲಿಗೇ ಹೋಗಿ ಸೇರುತ್ತದೆ.

ಈಗ ಕಾರಣಕ್ಕೆ ಬನ್ನಿ. ತಪ್ಪಿದ ಒಂಬತ್ತರಲ್ಲಿ ಎರಡು ಥೆರಪಿಸ್ಟ್ ರಜೆ. ನಾಲ್ಕು ಸಲ ಕೋಣೆಯನ್ನು ಪರೀಕ್ಷೆಗೋ ಕಾರ್ಯಕ್ರಮದ ತಾಲೀಮಿಗೋ ಕೊಟ್ಟಿದ್ದರು. ಇದು ಮುಖ್ಯೋಪಾಧ್ಯಾಯರಿಗೆ ಗೊತ್ತು. ಮೂರು ಸಲ ಮಗುವೇ ಗೈರು. ‘ಗೈರು’ ಎಂದು ಬರೆದು ಶಾಲೆ ಸುಮ್ಮನಾಗುತ್ತದೆ. ಆ ಮೂರು ದಿನ ಗಾಲಿಕುರ್ಚಿ ಹತ್ತಿಸಬಲ್ಲ ವಾಹನ ಬರಲಿಲ್ಲ ಎಂಬುದು ತಾಯಿಗೆ ಮಾತ್ರ ಗೊತ್ತು. ಐದು ಸೆಷನ್ 20 ನಿಮಿಷಕ್ಕೆ ಇಳಿದದ್ದು ಏಕೆ? ಅದನ್ನು ಹೇಳಬಲ್ಲವರು ಮಗುವನ್ನು ಕರೆತರುವ ಆಯಾ. ತರಗತಿಯಿಂದ ಥೆರಪಿ ಕೋಣೆಗೆ ಕಟ್ಟಡ ಸುತ್ತಿ ಬರಬೇಕು, ಹತ್ತು ನಿಮಿಷ ದಾರಿಯಲ್ಲೇ ಹೋಗುತ್ತದೆ. ಒಂದೇ ಮಗುವಿನ ಒಂದೇ ರಿಜಿಸ್ಟರ್, ಆದರೆ ಕಾರಣಗಳು ನಾಲ್ಕು ಜನರ ತಲೆಯಲ್ಲಿ ಹಂಚಿಹೋಗಿವೆ. ಈ ನಾಲ್ವರೂ ಒಂದೇ ಮೇಜಿನ ಸುತ್ತ ಕೂರದಿದ್ದರೆ ‘ಥೆರಪಿಸ್ಟ್ ಕೊರತೆ’ ಎಂಬ ಸಿದ್ಧ ಉತ್ತರವೇ ವರದಿಗೆ ಸೇರುತ್ತದೆ. ಹೊಸ ಥೆರಪಿಸ್ಟ್ ಬಂದರೂ ಆ ಹತ್ತು ನಿಮಿಷ ದಾರಿಯಲ್ಲೇ ಹೋಗುತ್ತದೆ.

ಎರಡನೆಯದು ಗುರಿಯ ಲೆಕ್ಕ. ‘ಸಂವಹನ ಸುಧಾರಿಸಬೇಕು’ ಎಂದು ಬರೆದ ಗುರಿಯನ್ನು ಯಾರೂ ಅಳೆಯಲಾರರು. ‘ಐದು ಅವಕಾಶಗಳಲ್ಲಿ ನಾಲ್ಕು ಸಲ, ಯಾರೂ ನೆನಪಿಸದೆ, ಚಿತ್ರದ ಕಾರ್ಡ್ ಕೊಟ್ಟು ನೀರು ಕೇಳುತ್ತಾಳೆ’ ಎಂದು ಬರೆದರೆ ಟೀಚರೂ ಎಣಿಸಬಹುದು, ಅಜ್ಜಿಯೂ ಎಣಿಸಬಹುದು. ಒಂದೇ ವಾರದಲ್ಲಿ ಶಾಲೆಯಲ್ಲಿ ಮೂರು ದಿನ, ಮನೆಯಲ್ಲಿ ಮೂರು ದಿನ ಎಣಿಸಿ ಪಕ್ಕಪಕ್ಕ ಇಡಿ. ಶಾಲೆಯಲ್ಲಿ ಐದಕ್ಕೆ ನಾಲ್ಕು, ಮನೆಯಲ್ಲಿ ಸೊನ್ನೆ ಎಂದಾದರೆ ಮಗು ಕಲಿತಿಲ್ಲ ಎಂದಲ್ಲ. ಕಾರ್ಡಿನ ಸೆಟ್ ಮನೆಗೆ ಹೋಗಿಲ್ಲದಿರಬಹುದು, ಇಲ್ಲವೇ ಕೇಳುವ ಮೊದಲೇ ಮನೆಯವರು ಪ್ರೀತಿಯಿಂದ ನೀರು ತಂದುಕೊಡುತ್ತಿರಬಹುದು. ಮನೆಯಲ್ಲಿ ನಾಲ್ಕು, ಶಾಲೆಯಲ್ಲಿ ಸೊನ್ನೆ ಎಂಬ ಉಲ್ಟಾ ಫಲಿತಾಂಶವೂ ಬರುತ್ತದೆ. ಆಗ ತರಗತಿಯ ಗದ್ದಲ, ಕಾರ್ಡ್ ಇಡುವ ಜಾಗ, ಕೇಳಿದಾಗ ಗಮನಿಸುವವರು ಇದ್ದಾರೆಯೇ ಎಂಬುದನ್ನು ನೋಡಬೇಕು.

ಈ ಲೆಕ್ಕ ನೋಡುವ ಗುಂಪಿನಲ್ಲಿ ಹದಿನಾಲ್ಕು ಜನರಷ್ಟು ಇರಲಿ, ಅರ್ಧಕ್ಕೆ ಕಡಿಮೆಯಿಲ್ಲದಂತೆ ಪೋಷಕರಿರಲಿ. ಸಿಬ್ಬಂದಿಯ ನಡುವೆ ಒಬ್ಬರೇ ಪೋಷಕರನ್ನು ಕೂರಿಸಿದರೆ ಅವರು ತಲೆಯಾಡಿಸಿ ಎದ್ದುಹೋಗುತ್ತಾರೆ, ಅದರಲ್ಲಿ ಅವರ ತಪ್ಪೇನೂ ಇಲ್ಲ. ವಿಶೇಷ ಶಿಕ್ಷಕರ ಜೊತೆ ಸಾಮಾನ್ಯ ತರಗತಿಯ ಶಿಕ್ಷಕರು, ಥೆರಪಿಸ್ಟ್, ಆಯಾ, ಖರ್ಚಿಗೆ ಒಪ್ಪಿಗೆ ಕೊಡುವ ಅಧಿಕಾರ ಇರುವ ಒಬ್ಬರು ಬೇಕು. ಆ ಒಬ್ಬರು ಇಲ್ಲದಿದ್ದರೆ ತೀರ್ಮಾನಗಳೆಲ್ಲ ‘ಮೇಲಕ್ಕೆ ಕಳಿಸಿದ್ದೇವೆ’ ಎಂಬಲ್ಲಿಗೆ ನಿಲ್ಲುತ್ತವೆ. ಇಂಥದ್ದೇ ಶಿಕ್ಷಣ ಪಡೆದು ದೊಡ್ಡವರಾದ ಇಬ್ಬರು ಅಂಗವಿಕಲರನ್ನು ಸೇರಿಸಿಕೊಳ್ಳುವುದನ್ನು ಬಹಳ ಕಡೆ ಮರೆಯುತ್ತಾರೆ. ಪೋಷಕರಿಗೂ ಶಿಕ್ಷಕರಿಗೂ ಹೊಳೆಯದ್ದು ಅವರಿಗೆ ಹೊಳೆಯುತ್ತದೆ. ಎಲ್ಲರೂ ಮೆಚ್ಚುವ ‘ಸಹಾಯಕರ ಪಕ್ಕದ ಕುರ್ಚಿ’ ಆ ಮಗುವಿಗೆ ಗೆಳೆಯರನ್ನೇ ಇಲ್ಲವಾಗಿಸುತ್ತಿದೆ ಎಂದು ಮೊದಲು ಹೇಳುವವರು ಅವರೇ.

ಮೀಟಿಂಗಿಗೆ ಬರುವವರು ಯಾವಾಗಲೂ ಅದೇ ನಾಲ್ಕು ಜನ ಎಂಬ ದೂರು ಎಲ್ಲ ಕಡೆಯೂ ಇದೆ. ಹೆಚ್ಚು ಆರೈಕೆ ಬೇಕಾದ ಮಕ್ಕಳ ಪೋಷಕರು ಬರಲಾಗದ್ದು ಮಗುವನ್ನು ನೋಡಿಕೊಳ್ಳುವವರು ಯಾರೂ ಇಲ್ಲದ್ದರಿಂದ. ಪಕ್ಕದ ಕೋಣೆಯಲ್ಲಿ ಮಗುವಿಗೆ ಪರಿಚಯವಿರುವ ಆಯಾ ಒಬ್ಬರನ್ನು ಇರಿಸಿ, ಫೋನಿನಲ್ಲಿ ಸೇರಲು ದಾರಿ ಮಾಡಿ. ಕಾಗದಪತ್ರ ವಾರ ಮೊದಲೇ ತಲುಪಲಿ, ಎರಡು ಪುಟ ಮೀರದಿರಲಿ, ಸಂಕ್ಷಿಪ್ತ ಪದಗಳನ್ನು ಬಿಡಿಸಿ ಬರೆದಿರಲಿ. ಓದು ಬಾರದವರಿಗೆ ಅದನ್ನೇ ಓದಿ ಧ್ವನಿಸಂದೇಶ ಕಳಿಸಬಹುದು. ಸನ್ನೆ ಭಾಷೆಯ ಅನುವಾದಕರು ಬೇಕೇ ಎಂದು ಆಹ್ವಾನದಲ್ಲೇ ಕೇಳಿ, ಬಂದ ಮೇಲೆ ಕೇಳಿದರೆ ಹೊತ್ತು ಮೀರಿರುತ್ತದೆ.

ಮಕ್ಕಳನ್ನು ಕೇಳುವುದು ಎಲ್ಲಕ್ಕಿಂತ ಸೂಕ್ಷ್ಮ. ‘ಶಾಲೆ ಇಷ್ಟಾನಾ?’ ಎಂದರೆ ಬಹಳ ಮಕ್ಕಳು ‘ಹೂಂ’ ಎನ್ನುತ್ತಾರೆ, ‘ಶಾಲೆ ಬೇಡಾನಾ?’ ಎಂದರೂ ‘ಹೂಂ’. ಅದರ ಬದಲು ಶಾಲೆಯ ಜಾಗಗಳ, ಕೆಲಸಗಳ ಎಂಟು ಹತ್ತು ಫೋಟೊ ತೆಗೆಯಿರಿ: ತರಗತಿ, ಶೌಚಾಲಯ, ಆಟದ ಬಯಲು, ಥೆರಪಿ ಕೋಣೆ, ಊಟದ ಜಾಗ, ಬಸ್. ‘ಇಷ್ಟ’, ‘ಪರವಾಗಿಲ್ಲ’, ‘ಬೇಡ’ ಎಂಬ ಮೂರು ಟ್ರೇಗಳಿಗೆ ಮಗುವೇ ಹಾಕಲಿ. ಕೆಲವು ಮಕ್ಕಳು ಯಾವಾಗಲೂ ಬಲಗಡೆಯದನ್ನೇ ಆರಿಸುತ್ತಾರೆ, ಆದ್ದರಿಂದ ಇನ್ನೊಂದು ದಿನ ಟ್ರೇಗಳ ಜಾಗ ಬದಲಿಸಿ, ಬೇರೆಯವರ ಕೈಯಲ್ಲಿ ಮತ್ತೊಮ್ಮೆ ಮಾಡಿಸಿ. ಎರಡೂ ದಿನ ಒಂದೇ ಟ್ರೇಗೆ ಬಿದ್ದ ಫೋಟೊವನ್ನು ಮಾತ್ರ ಉತ್ತರವಾಗಿ ತೆಗೆದುಕೊಳ್ಳಿ. ಆ ಮಗುವಿಗೆ ಪಾಠ ಹೇಳುವವರೇ ಕೇಳಬಾರದು. ಫೋಟೊ ಗುರುತಿಸದ ಮಗುವಾದರೆ ಅದು ಎಲ್ಲಿ ಅಳುತ್ತದೆ, ಎಲ್ಲಿಂದ ಓಡುತ್ತದೆ, ಎಲ್ಲಿ ಮೈ ಸಡಿಲ ಬಿಟ್ಟು ಕೂರುತ್ತದೆ ಎಂಬ ಒಂದು ವಾರದ ಟಿಪ್ಪಣಿಯೇ ಅದರ ಮಾತು. ‘ಬೇಡ’ ಟ್ರೇಯಲ್ಲಿ ಶೌಚಾಲಯದ ಫೋಟೊ ಮತ್ತೆ ಮತ್ತೆ ಬಿದ್ದರೆ ಅಂದೇ ಹೋಗಿ ನೋಡಿ. ಬಾಗಿಲ ಚಿಲಕ, ಹಿಡಿಕೆಯ ಎತ್ತರ, ಖಾಸಗಿತನ, ಅಥವಾ ಇದಕ್ಕಿಂತ ಗಂಭೀರವಾದ ಏನೋ ಇರಬಹುದು.

ಸರ್ವೆಯನ್ನು ಬಿಡಬೇಕಿಲ್ಲ, ಪ್ರಶ್ನೆ ಬದಲಿಸಬೇಕು. ‘ಕಳೆದ ನಾಲ್ಕು ವಾರದಲ್ಲಿ ಎಷ್ಟು ಥೆರಪಿ ತಪ್ಪಿತು? ನಿಮಗೆ ಯಾರು ತಿಳಿಸಿದರು?’ ನಡೆದದ್ದನ್ನು ಕೇಳಿದರೆ ಜನ ಹೇಳುತ್ತಾರೆ. ಫಾರ್ಮ್ ತರಗತಿ ಶಿಕ್ಷಕರ ಕೈಗೆ ವಾಪಸ್ ಹೋಗಬಾರದು. ಎಷ್ಟು ಫಾರ್ಮ್ ಬಂತು ಎನ್ನುವುದಕ್ಕಿಂತ ಯಾರಿಂದ ಬರಲಿಲ್ಲ ಎನ್ನುವುದು ಮುಖ್ಯ. ನೂರಕ್ಕೆ ನಲವತ್ತು ಬಂದು, ಶ್ರವಣದೋಷವಿರುವ ಮಕ್ಕಳ ಮನೆಯಿಂದ ಒಂದೂ ಬಂದಿಲ್ಲದಿದ್ದರೆ ಸರಾಸರಿ ತೆಗೆಯುವ ಮುಂಚೆ ಆ ಮನೆಗಳನ್ನು ಸಂಪರ್ಕಿಸಬೇಕು.

ಅಂಕಿಗಳನ್ನು ಹಂಚಿಕೊಳ್ಳುವಾಗ ಮಕ್ಕಳ ಗುಟ್ಟು ಹೊರಬೀಳದಂತೆ ನೋಡಿಕೊಳ್ಳಿ. ಮೇಲೆ ಹೇಳಿದಂಥ ಒಂದು ಮಗುವಿನ ರಿಜಿಸ್ಟರನ್ನು ಆ ಮಗುವಿನ ಪೋಷಕರ ಒಪ್ಪಿಗೆಯಿದ್ದರೆ ಮಾತ್ರ ಗುಂಪಿನಲ್ಲಿ ತೆರೆಯಬೇಕು. ಇಲ್ಲದಿದ್ದರೆ ಇಡೀ ಶಾಲೆಯ ಮೊತ್ತವನ್ನಷ್ಟೇ ಇಡಬೇಕು. ಹೆಸರು ತೆಗೆದರೆ ಸಾಲದು. ಶಾಲೆಯಲ್ಲಿ ದೃಷ್ಟಿದೋಷವಿರುವವರು ಇಬ್ಬರೇ ಎಂದರೆ ‘ದೃಷ್ಟಿದೋಷ: ಪ್ರಗತಿ ಶೇ 50’ ಎಂಬ ಸಾಲು ಹೆಸರು ಹೇಳಿದಂತೆಯೇ. ಹತ್ತಕ್ಕಿಂತ ಚಿಕ್ಕ ಗುಂಪಿನ ಅಂಕಿ ಕಾಣಿಸದಿರುವುದು ಸುರಕ್ಷಿತ. ಆದರೆ ಒಂದೇ ಖಾನೆ ಮುಚ್ಚಿ ಒಟ್ಟು ಮೊತ್ತ ತೋರಿಸಿದರೆ ಕಳೆದು ಕಂಡುಹಿಡಿಯಬಹುದು, ಆದ್ದರಿಂದ ಎರಡು ಖಾನೆ ಮುಚ್ಚಿ, ಇಲ್ಲವೇ ಎರಡು ವರ್ಷದ ಅಂಕಿ ಸೇರಿಸಿ.

ಇನ್ನೊಂದು ಕಡೆ ಈ ಕೆಲಸ ಹಳಿ ತಪ್ಪುತ್ತದೆ. ತಪ್ಪಿದ ಸೆಷನ್ನಿಗೆ ಥೆರಪಿಸ್ಟರನ್ನೇ ಗದರಿದರೆ ಮುಂದಿನ ತಿಂಗಳಿನಿಂದ ರಿಜಿಸ್ಟರ್ ಶೇ 100 ತೋರಿಸತೊಡಗುತ್ತದೆ, ಆಮೇಲೆ ಯಾರಿಗೂ ನಿಜ ಗೊತ್ತಾಗುವುದಿಲ್ಲ. ಈ ಲೆಕ್ಕವನ್ನು ಯಾರ ವೈಯಕ್ತಿಕ ಮೌಲ್ಯಮಾಪನಕ್ಕೂ ಬಳಸುವುದಿಲ್ಲ ಎಂದು ಮೊದಲ ದಿನವೇ ಲಿಖಿತವಾಗಿ ಕೊಡಿ. ಹಾಗೆಯೇ ಪೋಷಕರು ತಮ್ಮ ಮಗುವಿನ ದೂರನ್ನೇ ಮೀಟಿಂಗಿಗೆ ತರುತ್ತಾರೆ. ‘ಇಲ್ಲಿ ಅದನ್ನು ಮಾತಾಡುವಂತಿಲ್ಲ’ ಎಂದು ಬಾಯಿ ಮುಚ್ಚಿಸಬೇಡಿ. ಬರೆದುಕೊಂಡು, ಅದೇ ವಾರದೊಳಗೆ ಯಾರು ಮಾತಾಡುತ್ತಾರೆ ಎಂದು ಹೆಸರು, ದಿನಾಂಕ ಹೇಳಿ. ಅದಾದ ಮೇಲೆಯೇ ಅವರಿಂದ ಎಲ್ಲ ಮಕ್ಕಳ ಲೆಕ್ಕ ನೋಡಲು ಸಾಧ್ಯ.

ಒಂದು ಸಲಕ್ಕೆ ಒಂದೇ ಬದಲಾವಣೆ, ಆರು ವಾರ. ಥೆರಪಿ ಕೋಣೆಯನ್ನು ಬೇರೆ ಕೆಲಸಕ್ಕೆ ಕೊಡಬಾರದು ಎಂದು ತೀರ್ಮಾನಿಸಿದರೆ ಆರು ವಾರ ಅದನ್ನು ಪಾಲಿಸಿ, ಸಿಕ್ಕಿದ ನಿಮಿಷ ಮತ್ತೆ ಎಣಿಸಿ. ಮೀಟಿಂಗ್ ಮುಗಿದ ಎರಡು ವಾರದೊಳಗೆ ಎಲ್ಲ ಪೋಷಕರಿಗೂ ಒಂದು ಪುಟ ಹೋಗಲಿ: ನೀವು ಹೇಳಿದ್ದು, ನಾವು ಮಾಡಿದ್ದು, ಮಾಡಲಾಗದ್ದು ಮತ್ತು ಅದಕ್ಕೆ ಕಾರಣ. ಮೂರನೆಯ ಭಾಗವನ್ನು ಬಿಟ್ಟರೆ ಮುಂದಿನ ಸಲ ಜನ ಬರುವುದು ಕಡಿಮೆಯಾಗುತ್ತದೆ. ಪ್ರತಿ ಮೀಟಿಂಗಿನ ಮೊದಲ ಹದಿನೈದು ನಿಮಿಷ ಹಿಂದಿನ ತೀರ್ಮಾನ ಏನಾಯಿತು ಎಂಬುದಕ್ಕೇ ಮೀಸಲಿರಲಿ, ಅದನ್ನು ಓದಿ ಹೇಳುವವರು ಪೋಷಕರಲ್ಲಿ ಒಬ್ಬರಾಗಿರಲಿ. ಸದಸ್ಯರ ಅವಧಿ ಎರಡು ವರ್ಷ, ವರ್ಷಕ್ಕೆ ಅರ್ಧದಷ್ಟು ಜನ ಬದಲಾದರೆ ಹಳಬರೂ ಹೊಸಬರೂ ಜೊತೆಗಿರುತ್ತಾರೆ. ಹೊಸಬರು ಮೊದಲ ಮೀಟಿಂಗಿಗೆ ಬರುವ ಮುನ್ನ ಹಳೆಯ ಸದಸ್ಯರೊಬ್ಬರು ಅವರ ಪಕ್ಕ ಕೂತು, ಒಂದು ತಿಂಗಳ ರಿಜಿಸ್ಟರನ್ನು ಸಾಲುಸಾಲಾಗಿ ಓದುವುದನ್ನು ಹೇಳಿಕೊಡಲಿ.